ಮಾವನ ಜ್ವರ, ಆಡಿನ ಹಾಲು, ನನ್ನ ಮದುವೆ

ನಮ್ಮ ಜಹೀರಾಬಾದಿನ ಸರ್ಕಾರಿ ದವಾಖಾನೆಯಲ್ಲಿ ತಲೆ ಇದ್ದವನಿಗೆ ದಿನಕ್ಕೊಂದು ತಲೆನೋವು ತಪ್ಪಿದ್ದಲ್ಲ. ನನಗೆ ತಲೆ ಸ್ವಲ್ಪ ಜಾಸ್ತಿಯೇ ಇದೆ. ರಾಯಿಕೋಡ್ ಕಡೆಯ ಕುರಿಹಟ್ಟಿಯಲ್ಲಿ ಹುಟ್ಟಿ, ಹೈದರಾಬಾದಿಗೆ ಹೋಗಿ ಕಂಪೌಂಡರಿಕೆ ಕಲಿತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕ್ರಿಮಿಯನ್ನು ಕಂಡು ಬಂದವನು ತಾಂಡೂರಿನಿಂದ ನಾರಾಯಣಖೇಡದ ತನಕ ನಾನೊಬ್ಬನೇ. ಇನ್ನೊಬ್ಬನಿದ್ದರೆ ಮುಂದೆ ಬರಲಿ. ಎಲ್ಲರೂ ನನ್ನ ಮಾತು ಕೇಳುತ್ತಾರೆ. ಕೇಳದವನು ಒಬ್ಬನೇ, ನನ್ನ ಸೋದರಮಾವ. ನನಗೆ ಮಗಳನ್ನು ಕೊಡಬೇಕಾದವನೂ ಅವನೇ.

೧. ಪಂಚಾಂಗ ಬಲ್ಲ ಜ್ವರ

ಮಾವನದು ಕಲ್ಹೇರ್ ಕಡೆಯ ಹಟ್ಟಿ. ಕುರಿಗಳ ಜೊತೆಗೆ ಹಾಲಿಗೆಂದು ಹತ್ತು ಆಡು. ಅವನಿಗೊಂದು ಜ್ವರ. ಸಂಜೆಗೆ ಮೈ ಕಾದ ಹಂಚು, ಬೆಳಗಾದರೆ ಬೆವರು, ಸೊಂಟ ಹಿಡಿದುಕೊಂಡು ನರಳಾಟ. ಹದಿನೈದು ದಿನಕ್ಕೆ ತಾನಾಗಿಯೇ ಬಿಡುತ್ತದೆ. ಬಿಟ್ಟ ಕೂಡಲೇ ನಾವು ಮದುವೆಗೆ ದಿನ ಗೊತ್ತು ಮಾಡುತ್ತೇವೆ. ಹಂದರ ಹಾಕುವ ಹೊತ್ತಿಗೆ ಜ್ವರ ಹಾಜರ್!

"ನಿಂದ್ರಾಕ ಕಾಲಾಗ ಶಕ್ತಿ ಇಲ್ಲಲೇ. ಮುಂದಿನ ತಿಂಗಳ ನೋಡೋಣು" ಅಂತ ಮಾವ ಕಂಬಳಿ ಎಳೆದುಕೊಳ್ಳುತ್ತಾನೆ.

ಮೂರು ಸಲ ಹೀಗಾಯಿತು. ಮೂರನೆಯ ಸಲ ನಮ್ಮ ಮಠದ ಅಯ್ಯನವರು ಪಂಚಾಂಗ ಮಡಚಿಟ್ಟು ಅಂದರು: "ಇನ್ನ ಮುಹೂರ್ತ ಆ ಜ್ವರನ್ನೇ ಕೇಳ್ರಿ. ನನಗಿಂತ ಚೊಲೋ ಲೆಕ್ಕ ಅದಕ್ಕ ಗೊತ್ತದ."

೨. ಯಾರ ಕೈಗುಣ

ಮೊದಲ ಸಲ ಜ್ವರ ಬಿಟ್ಟಾಗ, ಮಾವನ ಬೆನ್ನಿಗೆ ಬರೆ ಎಳೆದವನು "ನನ್ನ ಬರೀಗೆ ಹೋತು" ಅಂದ. ದರ್ಗಾದ ಮುಲ್ಲಾಸಾಬರು "ನನ್ನ ತಾಯತಕ್ಕ ಹೋತು" ಅಂದರು. ಸುಮ್ಮನಿರಲು ನಾನೇನು ಅವರಿಗಿಂತ ಕಡಿಮೆಯೇ? "ನನ್ನ ಕೆಂಪು ಔಷಧಕ್ಕ" ಅಂದೆ. ಮೂವರೂ ಕೈ ಕೈ ಮಿಲಾಯಿಸುವಷ್ಟು ಜಗಳ.

ಅಷ್ಟರಲ್ಲಿ ಜ್ವರ ಮತ್ತೆ ಬಂತು. ಆಗ ನಮ್ಮನ್ನು ನೋಡಬೇಕಿತ್ತು. ಬರೆಯವನು ತಾಯತದ ಕಡೆ ಬೊಟ್ಟು ಮಾಡಿದ, ಮುಲ್ಲಾಸಾಬರು ನನ್ನ ಸೀಸೆಯ ಕಡೆ, ನಾನು ಬರೆಯ ಕಡೆ.

೩. ಕಾವಲುಗಾರನ ಹೊಟ್ಟೆ

ಕೊನೆಗೆ ನಮ್ಮ ಡಾಕ್ಟರ್ ಸಾಹೇಬರು ಮಾವನ ರಕ್ತವನ್ನು ಹೈದರಾಬಾದಿಗೆ ಕಳಿಸಿದರು. ಇದು ಆಡಿನ ಹಸಿ ಹಾಲಿನಿಂದ ಬರುವ ಕ್ರಿಮಿ ಎಂದು ಉತ್ತರ ಬಂತು. "ಇದಕ್ಕೆ ನಮ್ಮಲ್ಲಿ ಮದ್ದಿಲ್ಲ. ಹಾಲು ಕಾಸಿ ಕುಡಿಯಲಿ, ಮೈ ತಾನೇ ಗೆಲ್ಲುತ್ತದೆ" ಅಂದರು ಸಾಹೇಬರು.

ನಾನು ಹಟ್ಟಿಗೆ ಹೋಗಿ ಬಿಡಿಸಿ ಬಿಡಿಸಿ ಹೇಳಿದೆ: "ಮಾವ, ರಕ್ತದಾಗ ಬಿಳಿ ಕಣ ಅಂತ ಕಾವಲುಗಾರರು ಅದಾರ. ಬ್ಯಾರೆ ಕ್ರಿಮಿ ಬಂದರ ನುಂಗಿ ಅರಗಿಸ್ತಾರ. ಈ ಕಳ್ಳ ಕ್ರಿಮಿ ನುಂಗಿಸಿಕೊಂತಾನ, ಆದರ ಸಾಯಂಗಿಲ್ಲ. ಆ ಕಾವಲು ಪೊಲೀಸರ ಹೊಟ್ಟ್ಯಾಗೇ ಮನಿ ಮಾಡಿ ಮರಿ ಹಾಕ್ತಾನ. ಹೊರಗ ಹುಡುಕಿದರ ಹೆಂಗ ಸಿಗಬೇಕು? ಮರಿ ಹೆಚ್ಚಾಗಿ ಹೊರಬಿದ್ದಾಗ ಜ್ವರ. ಮತ್ತ ಒಳಗ ಸೇರಿದಾಗ ಆರಾಮ. ಬರಬರ್ತ ಕಾವಲುಗಾರರು ಅರಗಿಸಾಕ ಕಲೀತಾರ. ಅಲ್ಲೀತನಕ ನೀ ಹಸಿ ಹಾಲು ಕುಡಿದು ಹೊಸ ಕಳ್ಳರನ್ನ ಒಳಗ ಕಳಸಬ್ಯಾಡ."

ಮಾವ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಮೆಲ್ಲಕ ಮಾತಾಡಲೇ. ಕಳ್ಳ ಪೊಲೀಸರ ಹತ್ತಿರಾನೇ ಇರ್ತಾನಂತ ತಿಳಕೊಳ್ಳಾಕ ಹೈದರಾಬಾದಿಗೆ ಹೋಗಿದ್ಯಾ?"

ಹೊರಗೆ ಕಟ್ಟೆಯ ಮೇಲೆ ಊರಿನ ಪೊಲೀಸ್ ಪಟೇಲರು ಕೂತಿದ್ದರು. ಎಲ್ಲ ಕೇಳಿಸಿಕೊಂಡವರು ಒಳಗೆ ಬಂದು ಕೈ ಮುಗಿದರು: "ತಮ್ಮಾ, ನನ್ನ ಮನ್ಯಾಗ ಕಟ್ಟಿದ ಆ ಎರಡು ಕಳವಿನ ಕುರಿ ನಾಳೀನೇ ಬಿಟ್ಟುಬಿಡ್ತೀನಿ. ಠಾಣೇದ ಅಮೀನ್ ಸಾಹೇಬರಿಗೆ ಮಾತ್ರ ಹೇಳಬ್ಯಾಡ."

೪. ನಾಲ್ಕನೆಯ ಮುಹೂರ್ತ

ಇಷ್ಟಾದರೂ ಮಾವ ಹಾಲು ಕಾಸಲು ಒಪ್ಪಲಿಲ್ಲ. "ಹಾಲು ಒಲಿ ಮ್ಯಾಲ ಇಟ್ಟರ ಅಲ್ಲಿ ಆಡಿನ ಕೆಚ್ಚಲ ಸುಡ್ತದ. ನಮ್ಮಜ್ಜ ಕಾಸಿಲ್ಲ, ನಾನೂ ಕಾಸಂಗಿಲ್ಲ" ಎಂಬುದೊಂದೇ ಹಟ. ನಾನು ಬೈದೆ, ಕಣ್ಣೀರು ಹಾಕಿದೆ, ಕೈ ಮುಗಿದೆ. ಏನೂ ನಡೆಯಲಿಲ್ಲ.

ಆದರೆ ಜ್ವರ ಮಾತ್ರ ಸಲಸಲಕ್ಕೂ ಸಣ್ಣದಾಗುತ್ತ ಬಂದು, ಆಮೇಲೆ ಬರಲೇ ಇಲ್ಲ. ಮಾವ ಕದ್ದುಮುಚ್ಚಿ ನನ್ನ ಮಾತು ನಡೆಸಿದ್ದಾನೆ ಎಂದು ಜಹೀರಾಬಾದಿನ ತುಂಬ ಹೇಳಿಕೊಂಡು ತಿರುಗಿದೆ. ಮದುವೆ ಗಟ್ಟಿಯಾಯಿತು.

ನಮ್ಮ ಹಟ್ಟಿಗಳಲ್ಲಿ ಒಂದು ಪದ್ಧತಿ ಇದೆ. ತಾಳಿಗೆ ಮೊದಲು ಮದುಮಗಳು ತಾನೇ ಹಾಲು ಕರೆದು ತರಬೇಕು. ಮಾವನ ಕೈಯಿಂದ ಆ ಹಸಿ ನೊರೆಹಾಲನ್ನು ಅಳಿಯ ಕುಡಿಯಬೇಕು. ಕುಡಿಯದವನಿಗೆ ಹೆಣ್ಣಿಲ್ಲ. ಮಾವ ಎರಡೂ ಕಾಲ ಮೇಲೆ ಗಟ್ಟಿಯಾಗಿ ನಿಂತು ಬಟ್ಟಲು ಚಾಚಿದ. ನೊರೆ ಬಟ್ಟಲ ಕಂಠದ ತನಕ. ನನ್ನ ಕೈ ಏಳಲಿಲ್ಲ.

ಪಕ್ಕದಲ್ಲಿ ಬಾಸಿಂಗದ ಕೆಳಗಿಂದ ಹುಡುಗಿ ಪಿಸುಗುಟ್ಟಿದಳು: "ಕುಡೀರಿ. ಕಾಸೀನಿ."

"ಮತ್ತ ಈ ನೊರಿ?"

"ಕಡಗೋಲಲೆ ಕಡದೀನಿ. ವರ್ಷದಿಂದ ಅಪ್ಪಗೂ ಹಿಂಗೇ ಕುಡಸೀನಿ. ನೀವು ಬಾಯಿ ಬಿಟ್ಟರ ನನ್ನ ಕಥಿ ಮುಗೀತು."

ಅದೇ ಹೊತ್ತಿಗೆ ಮಾವ ಮಂದಿಯ ಕಡೆ ತಿರುಗಿ ಗುಡುಗಿದ: "ಕೇಳ್ರಪಾ! ವರ್ಷಪೂರ್ತಿ ಹಸಿ ಹಾಲೇ ಕುಡದೀನಿ. ಜ್ವರ ಬಂದದೇನು? ಈತನ ಕ್ರಿಮಿ, ಕಾವಲುಗಾರ ಎಲ್ಲ ಸುಳ್ಳ. ಹೌದಿಲ್ಲೋ ಅಳಿಯಾ?"

ಈ ಎರಡೂ ಕಣ್ಣಿಂದ ಕ್ರಿಮಿ ಕಂಡವನು ನಾನು. ಹುಡುಗಿಯನ್ನು ನೋಡಿದೆ. ಅವಳು ನೆಲ ನೋಡುತ್ತಿದ್ದಳು.

"ಹೌದು ಮಾವ, ಎಲ್ಲ ಸುಳ್ಳ" ಅಂದು ಗಟಗಟ ಕುಡಿದೆ.

ಮಾವ ಬೆನ್ನು ತಟ್ಟಿದ. "ಈಗ ಶ್ಯಾಣ್ಯಾ ಆದಿ ನೋಡು."