ಮೆಸೇಜ್ ಹಾಕಿದರೆ ಮನೆಗೇ ಬರುವ ಕಾಕಾ

ನಮ್ಮ ಕಾಕಾನಿಗೆ ದಯವಿಟ್ಟು ವಾಟ್ಸಾಪ್ ಮೆಸೇಜ್ ಕಳಿಸಬೇಡಿ. ಕಳಿಸಿದಿರೋ, ಉತ್ತರ ಬರುವುದಿಲ್ಲ, ಕಾಕಾನೇ ಬರುತ್ತಾನೆ! ನೀವು ಬೆಳಗ್ಗೆ ಹಾಸಿಗೆಯಲ್ಲಿ ಮಲಗಿಕೊಂಡೇ ಊರಿಗೆಲ್ಲ ಒಂದು ಸೂರ್ಯಕಾಂತಿ ಹೂವು ಕಳಿಸಿ ಮರೆತುಬಿಟ್ಟಿರುತ್ತೀರಿ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಬಾಗಿಲ ಚಿಲಕ ಸದ್ದಾಗುತ್ತದೆ. ಎದ್ದು ನೋಡಿದರೆ ಬಿಳಿ ಟೊಪ್ಪಿಗೆ, ಬಗಲಲ್ಲಿ ಚೀಲ, ಮುಖದ ತುಂಬ ನಗು.

"ಮೆಸೇಜ್ ಹಾಕಿದ್ರಿ ಅಲ್ಲರಿ? ಅದಕ್ಕ ಬಂದ್ನಿ."

ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಂಡಿರಾ? ಹುಕ್ಕೇರಿಯಲ್ಲಿ ಕೇಳಿ, ಮೂಡಲಗಿಯಲ್ಲಿ ಕೇಳಿ. ಬೆಳಗಿನ ಶುಭೋದಯವನ್ನು ಕಳಿಸುವ ಮುನ್ನ ಎರಡು ಸಲ ಯೋಚಿಸುವ ಅಂಗಡಿಕಾರರು ಈ ಭಾಗ ಬಿಟ್ಟರೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ಗೋಕಾಕದ ನಮ್ಮ ಮನೆಯಲ್ಲಿ ಇರುವವರು ಅವ್ವ, ಮಗಳಾದ ನಾನು ಮತ್ತು ಈ ಕಾಕಾ. ಮೀಸೆ ಮೂಡುವ ಮೊದಲೇ ಒಬ್ಬ ಹೋಲ್‌ಸೇಲ್ ಸಾಹುಕಾರರ ಹತ್ತಿರ ಕೆಲಸಕ್ಕೆ ಸೇರಿದವನು. ಸಾಬೂನು, ಊದಿನಕಡ್ಡಿ, ಹಣಿಗೆ, ಬೆಂಕಿಪೆಟ್ಟಿಗೆ ಇಂಥ ಸಣ್ಣಪುಟ್ಟ ಸಾಮಾನಿನ ವ್ಯಾಪಾರ. ಕಾಕಾನ ಕೆಲಸ 'ಲೈನ್' ಹೋಗುವುದು. ಅಂದರೆ ಬಸ್ಸು ಹತ್ತಿ ಒಂದು ದಿನ ಹುಕ್ಕೇರಿ, ಒಂದು ದಿನ ಮೂಡಲಗಿ, ಮತ್ತೊಂದು ದಿನ ಅಂಕಲಗಿ ಅಂತ ಅಂಗಡಿ ಅಂಗಡಿ ತಿರುಗಿ ಆರ್ಡರ್ ತರುವುದು. ಆರ್ಡರ್ ಎಂಬುದು ಬರೀ ನೆಪ ಎಂದು ಅವ್ವನ ವಾದ. ಮೂಡಲಗಿಯವರ ಸೊಸೆಯ ಬಾಣಂತನ, ಹುಕ್ಕೇರಿಯವರ ಎಮ್ಮೆಯ ಕಾಯಿಲೆ, ಅಂಕಲಗಿಯವರ ಅಣ್ಣತಮ್ಮಂದಿರ ಜಗಳ ಎಲ್ಲವೂ ಸಂಜೆ ಕಾಕಾನ ಚೀಲದೊಂದಿಗೆ ನಮ್ಮ ಮನೆಗೆ ಬಂದು ಬೀಳುತ್ತಿದ್ದವು. ಲೈನಿನಲ್ಲಿ ಅದೆಷ್ಟೋ ಮದುವೆಗಳನ್ನು ಅವನೇ ಕುದುರಿಸಿದ. ತನ್ನದೊಂದು ಮಾತ್ರ ಉಳಿದುಹೋಯಿತು. ಯಾಕೆ ಕಾಕಾ ಎಂದು ಕೇಳಿದರೆ, "ಹೆಣ್ಣ ನೋಡಾಕ ಹೋಗೂಣು ಅಂದ್ರ ಅವತ್ತ ಮೂಡಲಗಿ ಲೈನ್ ಇರ್ತಿತ್ತು!" ಎನ್ನುತ್ತಾನೆ.

ಹೀಗಿರುವಾಗ ಸಾಹುಕಾರರಿಗೆ ಜ್ಞಾನೋದಯವಾಯಿತು. ಅಂಗಡಿಕಾರರನ್ನೆಲ್ಲ ಸೇರಿಸಿ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. ಬೆಳಗ್ಗೆ ಸಾಮಾನಿನ ಫೋಟೋ, ಕೆಳಗೆ ರೇಟು. ಅಂಗಡಿಯವರು ಬೇಕಾದಷ್ಟು ಬರೆದು ಕಳಿಸಿದರೆ ಸಂಜೆಯೊಳಗೆ ಟೆಂಪೋ ಹೋಗುತ್ತದೆ. ಮಾತಿಲ್ಲ, ಕಥೆಯಿಲ್ಲ, ಚಹಾ ಇಲ್ಲ. ಇಷ್ಟು ದಿನ ಬಾಯಿಂದ ನಡೆಯುತ್ತಿದ್ದ ವ್ಯಾಪಾರ ಈಗ ಹೆಬ್ಬೆರಳಿಗೆ ಬಂತು! ಅಂಗಡಿಯವರೇನು ಕಡಿಮೆಯೇ? ಮೂಡಲಗಿಯವರು ಸಾಹುಕಾರರಿಗೆ ಗೊತ್ತಾಗದಂತೆ ತಮ್ಮದೇ ಇನ್ನೊಂದು ಗ್ರೂಪ್ ಕಟ್ಟಿಕೊಂಡು, ಎಲ್ಲರ ಆರ್ಡರ್ ಒಟ್ಟು ಮಾಡಿ, ಬೆಳಗಾವಿಯಿಂದ ನೇರವಾಗಿ ಮಾಲು ತರಿಸತೊಡಗಿದರು. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತರು.

ಕಾಕಾನನ್ನು ಕರೆದು, "ಇನ್ನ ಮನ್ಯಾಗ ಆರಾಮ ಇರ್ರಿ. ಬಸ್ಸಿನ ಧೂಳ ಸಾಕು. ನಿಮ್ಮನ್ನೂ ಗ್ರೂಪಿನ್ಯಾಗ ಹಾಕೇನಿ, ಎಲ್ಲಾರೂ ಅಲ್ಲೇ ಸಿಗ್ತಾರ" ಎಂದು ಒಂದು ಹಳೇ ಫೋನು ಕೈಗಿಟ್ಟು ಕಳಿಸಿದರು.

ಕಾಕಾ ಆ ಮಾತನ್ನು ನಂಬಿದ. ಎಲ್ಲರೂ ಅಲ್ಲೇ ಸಿಗುತ್ತಾರೆ ಎಂದರಲ್ಲ! ಮೊದಲ ದಿನ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಟೊಪ್ಪಿಗೆ ಹಾಕಿಕೊಂಡು ಫೋನಿನ ಮುಂದೆ ಕುಳಿತ. ಹುಕ್ಕೇರಿಯ ಅಂಗಡಿಯವರಿಂದ ಸೂರ್ಯಕಾಂತಿ ಬಂತು. ಕಾಕಾ ಅದನ್ನು ನೋಡಿದ. ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದಕ್ಕ ಏನ್ ಮಾಡಬೇಕ?"

"ನೀನೂ ಒಂದು ಹೂವು ಕಳಿಸು, ಇಲ್ಲಾ ಕೈ ಮುಗಿ" ಎಂದು ನಾನು ಎರಡು ಜೋಡಿಸಿದ ಕೈಗಳ ಚಿತ್ರ ತೋರಿಸಿದೆ.

"ಯಾರದ ಕೈ ಇದು? ನನ್ನ ಕೈಯಿಲ್ಲೇನ?" ಎಂದವನೇ ಎದ್ದು ಹೊರಟೇಬಿಟ್ಟ. ಘಟಪ್ರಭಾದಲ್ಲಿ ಬಸ್ಸು ತಡವಾಗಿ, ಹುಕ್ಕೇರಿ ತಲುಪುವಾಗ ಮಧ್ಯಾಹ್ನ. ಅಂಗಡಿಯವರು ಗಾಬರಿಯಾಗಿ, "ಏನ್ರಿ ಕಾಕಾ, ಏನಾತು?" ಎಂದು ಎದ್ದು ನಿಂತರಂತೆ. ಕಾಕಾ ಕೈ ಮುಗಿದು, "ಶುಭೋದಯರಿ" ಎಂದನಂತೆ!

ಅಲ್ಲಿಂದ ಶುರುವಾಯಿತು ನೋಡಿ. ಫೋನಿನಲ್ಲಿ ಫೇಸ್‌ಬುಕ್ಕನ್ನೂ ನಾನೇ ತೆರೆದುಕೊಟ್ಟಿದ್ದೆ. ಫೇಸ್‌ಬುಕ್ಕಿನಲ್ಲಿ ಮಸಗುಪ್ಪಿಯ ಯಾರೋ ಸ್ನೇಹದ ಕೋರಿಕೆ ಕಳಿಸಿದರು. ಹೆಸರಿನ ಜಾಗದಲ್ಲಿ ಏನೋ ಇಂಗ್ಲಿಷು, ಮುಖದ ಜಾಗದಲ್ಲಿ ಬಾಯಿ ತೆರೆದ ಹುಲಿ. ಮುಖ ನೋಡದೆ ಒಪ್ಪಿಕೊಳ್ಳುವುದು ಹೇಗೆ? ಕಾಕಾ ಮಸಗುಪ್ಪಿಗೆ ಹೋಗಿ ಬಸ್ಸಿಳಿದಲ್ಲೇ ಕೇಳಿದ: "ಇಲ್ಲಿ ಹುಲಿ ಮನಿ ಯಾವುದರಿ?" ಊರೆಲ್ಲ ತಿರುಗಿ ಕೊನೆಗೆ ಸಿಕ್ಕವನು ಒಬ್ಬ ಬಡಕಲು ಟೇಲರ್. ಜೋರಾಗಿ ಮಾತನಾಡಲೂ ನಾಚುವ ಮನುಷ್ಯ. ಇಬ್ಬರೂ ಚಹಾ ಕುಡಿದರು, ಕಾಕಾನ ಅಂಗಿಯ ಕಿತ್ತ ಗುಂಡಿಯನ್ನು ಅವನು ಹಚ್ಚಿಕೊಟ್ಟ. ಸಂಜೆ ಬಂದ ಕಾಕಾನನ್ನು ಕೇಳಿದೆ, "ಈಗಾದರೂ ಒಪ್ಪಿಗೆ ಬಟನ್ ಒತ್ತಿದೆಯಾ?"

"ಭೆಟ್ಟಿ ಆತು, ಮಾತಾತು, ಗುಂಡೀನೂ ಹಚ್ಚಿಸ್ಕೊಂಡೆ. ಇನ್ನ ಅದನ್ನ ಒತ್ತೋದೇನೈತಿ?"

ಮೂಡಲಗಿಯ ಪ್ರಸಂಗ ಇನ್ನೂ ಚಂದ. ಗ್ರೂಪಿನಲ್ಲಿ ಇಬ್ಬರು ಅಂಗಡಿಕಾರರು ರಾಜಕೀಯದ ಮೇಲೆ ಹತ್ತಿಕೊಂಡರು. ಒಬ್ಬ ಒಂದು ಪಕ್ಷ, ಇನ್ನೊಬ್ಬ ಮತ್ತೊಂದು. ಸಾಬೂನಿನ ರೇಟಿನ ನಡುವೆ ದೇಶದ ಭವಿಷ್ಯ! ಬೈಗುಳ ಅಜ್ಜಂದಿರ ತನಕ ಹೋಯಿತು. ಕಾಕಾ ಕಂಗಾಲಾದ. "ಹೊಡೆದಾಡ್ತಾರ, ನಾ ಹೋಗಿ ಬಿಡಸತೇನಿ" ಎಂದು ಬಸ್ಸು ಹತ್ತಿದ. ಹೋಗಿ ನೋಡಿದರೆ ಏನು? ಇಬ್ಬರ ಅಂಗಡಿಗಳೂ ಬಾಜೂಬಾಜೂ! ನಡುವೆ ಒಂದು ಗೋಡೆ. ಗೋಡೆಯ ಈ ಕಡೆ ಒಬ್ಬ, ಆ ಕಡೆ ಒಬ್ಬ, ಇಬ್ಬರೂ ತಲೆ ತಗ್ಗಿಸಿ ಫೋನು ತಿಕ್ಕುತ್ತಾ ಒಬ್ಬರನ್ನೊಬ್ಬರು ದೇಶದ್ರೋಹಿ ಎಂದು ಕರೆಯುತ್ತಿದ್ದಾರೆ. ಕಾಕಾ ಇಬ್ಬರನ್ನೂ ಒಂದೇ ಕಟ್ಟೆಗೆ ಎಳೆದು ತಂದು, ಚಹಾ ತರಿಸಿ, ನಡುವೆ ತಾನು ಕುಳಿತ. ಎದುರು ಬದುರು ಬಂದಾಗ ಇಬ್ಬರಿಗೂ ಬಾಯಿಂದ ಒಂದು ಮಾತೂ ಹೊರಡಲಿಲ್ಲವಂತೆ. ಚಹಾ ಕುಡಿದರು, ಎದ್ದು ಹೋದರು. ಕಾಕಾ ಗೋಕಾಕ ಮುಟ್ಟುವುದರೊಳಗೆ ಗ್ರೂಪಿನಲ್ಲಿ ಒಗ್ಗಟ್ಟು ಮೂಡಿತ್ತು. ಎರಡೂ ಪಕ್ಷದವರು ಒಂದೇ ದನಿಯಲ್ಲಿ ಬರೆದಿದ್ದರು: ಕಾಕಾನನ್ನು ಗ್ರೂಪಿನಿಂದ ತೆಗೆಯಿರಿ! ಸಾಹುಕಾರರು ಪುಣ್ಯಕ್ಕೆ ತೆಗೆಯಲಿಲ್ಲ.

ಆಮೇಲೆ ವಾರ್ಡಿನ ಎಲೆಕ್ಷನ್ ಬಂತು. ನಿಂತವರೊಬ್ಬರಿಂದ ಕಾಕಾನ ಫೋನಿಗೆ ದಿನಾ ಬೆಳಗ್ಗೆ ಮೆಸೇಜು: "ನಿಮ್ಮ ಮನೆ ಮಗನ ನಮಸ್ಕಾರಗಳು." ಕೆಳಗೆ ಕೈ ಮುಗಿದ ಫೋಟೋ. ಮನೆ ಮಗನೇ ನಮಸ್ಕಾರ ಮಾಡಿದ ಮೇಲೆ ಸುಮ್ಮನೆ ಕೂರಲಾದೀತೆ? ಕಾಕಾ ಕರದಂಟಿನ ಪೊಟ್ಟಣ ಕಟ್ಟಿಸಿಕೊಂಡು ಅವರ ಮನೆಗೆ ಹೋದ. ಅವರು ಖುಷಿಯಾಗಿ, ಮತ ತಂದಿದ್ದಾನೆಂದು ಒಳಗೆ ಕರೆದು ಕೂರಿಸಿದರು. ಕಾಕಾ, "ದಿನಾ ನಮಸ್ಕಾರ ಹೇಳ್ತೀರಿ, ಇವತ್ತ ನಾನೂ ಹೇಳಿ ಹೋಗಬೇಕಂತ ಬಂದ್ನಿ" ಎಂದ.

"ಅದನ್ನ ನಾ ಹಾಕೂದಿಲ್ಲರಿ. ಫೋನ್ ನೋಡ್ಕೊಳ್ಳಾಕ ಬ್ಯಾರೆ ಮಂದಿ ಇಟ್ಟೇನಿ" ಎಂದರಂತೆ ಅವರು.

ಮನೆಗೆ ಬಂದ ಕಾಕಾ ಬಹಳ ಹೊತ್ತು ಯೋಚಿಸಿ ಅವ್ವನಿಗೆ ಹೇಳಿದ: "ವೈನಿ, ಕಾಲ ಎಲ್ಲಿಗೆ ಬಂತು ನೋಡ್ರಿ. ಒಬ್ಬಂವ ನಮಸ್ಕಾರ ಮಾಡಾಕ ಇನ್ನೊಬ್ಬಗ ಪಗಾರ ಕೊಡ್ತಾನ!"

"ನಿನಗ ಪಗಾರಿಲ್ಲದ ತಿರಗೂ ಚಟ. ಕರದಂಟ ಅಲ್ಲೇ ಇಟ್ಟ ಬಂದ್ಯೋ, ಹೊಳ್ಳಿ ತಂದ್ಯೋ?" ಎಂದಳು ಅವ್ವ. ನಮ್ಮ ಮನೆಯಲ್ಲಿ ಕಾಕಾನನ್ನು ಬೈಯುವ ಖಾತೆ ಅವ್ವನದು. ಬಸ್ ಚಾರ್ಜಿನಿಂದ ಹಿಡಿದು ಮಾಸಿದ ಟೊಪ್ಪಿಗೆಯವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ.

ಒಮ್ಮೆ ನಾನೂ ರೇಗಿ ಕೇಳಿದೆ. "ಕಾಕಾ, ಅವರು ಎಲ್ಲರಿಗೂ ಕಳಿಸ್ತಾರ. ನಿನಗಂತ ಕಳಿಸಿದ್ದಲ್ಲ. ಸುಮ್ಮನ ನೋಡಿ ಬಿಟ್ಟರಾತು. ಅದಕ್ಕ ಯಾರಾದ್ರೂ ಬಸ್ ಹತ್ತತಾರೇನು?"

ಕಾಕಾನಿಗೆ ಸಿಟ್ಟು ಬರಲಿಲ್ಲ. "ಮಾತಾಡಿಸ್ಯಾರಲ್ಲ ಯವ್ವಾ" ಎಂದ. "ಲೈನ್‌ದಾಗ ಇದ್ದಾಗ ನಾ ಹಾದು ಹೋಗೂದ ಕಂಡ್ರ ಸಾಕು, ಬರ್ರಿ ಅಂತ ಕರೀತಿದ್ರು. ಈಗ ಹಿಂಗ ಕರೀತಾರಂತ ತಿಳ್ಕೊಂಡೇನಿ."

ಅವತ್ತಿನಿಂದ ನಾನು ರೇಗುವುದನ್ನು ಬಿಟ್ಟೆ.

ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ದಿನ ಕೊಣ್ಣೂರಿನಲ್ಲಿ ಬಸ್ಸಿಳಿಯುವಾಗ ಕಾಕಾ ಜಾರಿ ಬಿದ್ದ. ಕಾಲಿನ ಎಲುಬು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ, ಹೊಸ್ತಿಲು ದಾಟಬಾರದು ಎಂದರು. ಸಾಹುಕಾರರು ದವಾಖಾನೆಗೆ ಬಂದು ನೋಡಿ, ಬೆಳ್ಳಗಿನ ಕಾಲಿನ ಸಮೇತ ಕಾಕಾನ ಫೋಟೋ ತೆಗೆದು ಗ್ರೂಪಿನಲ್ಲೂ ಫೇಸ್‌ಬುಕ್ಕಿನಲ್ಲೂ ಹಾಕಿದರು.

ಅಬ್ಬಾ, ಆ ದಿನ ಫೋನಿಗೆ ಉಸಿರು ಬಿಡಲು ಪುರಸೊತ್ತಿರಲಿಲ್ಲ! ಮುಗಿದ ಕೈಗಳು, ಅಳುವ ಮುಖಗಳು, ಗುಲಾಬಿ ಹೂವುಗಳು. ಹುಕ್ಕೇರಿಯ ಸೂರ್ಯಕಾಂತಿ ಬಂತು, ಮಸಗುಪ್ಪಿಯ ಹುಲಿ ಬಂತು, ಮೂಡಲಗಿಯ ಎರಡೂ ಪಕ್ಷಗಳು ಬಂದವು. 'ಬೇಗ ಗುಣವಾಗಲಿ ಕಾಕಾ', 'ನಾವು ನಿಮ್ಮ ಜೊತೆ ಇದ್ದೇವೆ.' ಮನೆಗೆ ಬಂದ ಕಾಕಾ ಒಂದೊಂದನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡ. ನೋವಿನ ಮುಖ ಅರಳಿತು. ಆಮೇಲೆ ಅವ್ವನನ್ನು ಕರೆದ.

"ವೈನಿ, ಇಷ್ಟು ಮಂದಿ ಹಾಕ್ಯಾರಂದ್ರ ನಾಳಿಯಿಂದ ಬರಾಕ ಹತ್ತತಾರ. ಚುರಮರಿ ಚೂಡಾ ಮಾಡಿ ಇಡ್ರಿ. ಹಾಲ ಹೆಚ್ಚಿಗಿ ತಗೋರಿ. ಯವ್ವಾ, ಬಾಜೂ ಮನಿಯಿಂದ ನಾಕ ಖುರ್ಚಿ ಇಸ್ಕೊಂಡ ಬಾ."

ನಾನೂ ಅವ್ವನೂ ಮುಖ ಮುಖ ನೋಡಿಕೊಂಡೆವು. ಮಂಡಕ್ಕಿಯ ಚೂಡಾ ಆಯಿತು. ಖುರ್ಚಿ ಬಂದವು. ಮರುದಿನ ಬೆಳಗ್ಗೆ ಕಾಕಾ ಗಡ್ಡ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು, ಪಡಸಾಲೆಯಲ್ಲಿ ಮಂಚದ ಮೇಲೆ ಬಾಗಿಲಿಗೆ ಮುಖ ಮಾಡಿ ಕುಳಿತ. ಓಣಿಯವರು ನಾಲ್ಕು ಮಂದಿ ಬಂದು ಹೋದರು. ಲೈನಿನವರು ಯಾರೂ ಬರಲಿಲ್ಲ.

"ಇವತ್ತ ಹುಕ್ಕೇರಿ ಸಂತಿ ಇರಬೇಕು" ಎಂದ ಕಾಕಾ.

ಮಾರನೇ ದಿನ, "ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರ್ ಅದಾವ, ಮೂಡಲಗಿ ಬಸ್ ಹೆಂಗ ಬರಬೇಕು?" ಎಂದ. ಅದರ ಮರುದಿನ ಯಾರದೋ ಮದುವೆ ಇದ್ದೀತು ಎಂದ. ಚಿಲಕ ಸದ್ದಾದಾಗಲೆಲ್ಲ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ. ಹಾಲಿನವನು, ಇಲ್ಲವೇ ನಾನು. ಫೋನು ಮಾತ್ರ ಮಂಚದ ಮೇಲೆ ಆಗಾಗ ಸದ್ದು ಮಾಡುತ್ತಲೇ ಇತ್ತು. ಅವ್ವ ಮೆತ್ತಗಾದ ಚೂಡಾವನ್ನು ಮತ್ತೆ ಬಾಣಲೆಗೆ ಹಾಕಿ ಗರಿಗರಿ ಮಾಡಿ ಡಬ್ಬಿಗೆ ತುಂಬಿದಳು. ಹಾಲು ವ್ಯರ್ಥವಾಯಿತೆಂದು ಬೈಯಬೇಕಾದವಳು ಒಂದು ಮಾತನ್ನೂ ಆಡಲಿಲ್ಲ. ಅವ್ವ ಬೈಯದಿದ್ದಾಗಲೇ ನನಗೆ ಭಯವಾಯಿತು.

ಮುಂದೆ ಕಾಕಾ ಯಾರ ಪರವಾಗಿಯೂ ಸಬೂಬು ಹೇಳುವುದನ್ನು ನಿಲ್ಲಿಸಿದ. ಫೋನು ಸದ್ದು ಮಾಡಿದರೂ ಓದು ಎನ್ನಲಿಲ್ಲ. ಸಂಜೆ ನಾನು ಕೆಲಸದಿಂದ ಬಂದಾಗ ಟೊಪ್ಪಿಗೆ ಗೂಟದ ಮೇಲಿತ್ತು. ಕಾಕಾ ಗೋಡೆಯ ಕಡೆ ನೋಡುತ್ತಾ ಹೇಳಿದ: "ಯವ್ವಾ, ಆ ಖುರ್ಚಿ ಅವರವು ಅವರಿಗೆ ಕೊಟ್ಟ ಬಾ. ಪಾಪ, ಅವರಿಗೂ ಬೇಕಾಗಿರತಾವ."

ಒಂದು ಖುರ್ಚಿ ಎತ್ತಿಕೊಂಡೆ. ಬಾಗಿಲ ತನಕ ಹೋದೆ. ತಿರುಗಿ ಕಾಕಾನನ್ನು ನೋಡಿದೆ. ಎಷ್ಟು ಬಿಸಿಲಿನಲ್ಲಿ, ಎಷ್ಟು ಧೂಳಿನಲ್ಲಿ, ಯಾರ್ಯಾರ ಒಂದು ಹೂವಿನ ಚಿತ್ರಕ್ಕೆ ಈ ಮನುಷ್ಯ ಹೋಗಿಬಂದಿದ್ದ! ಖುರ್ಚಿಯನ್ನು ಅಲ್ಲೇ ಇಟ್ಟೆ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ಚಿಲಕ ಬಡಿದೆ.

"ಕಾಕಾರು ಅದಾರೇನ್ರಿ?"

ಬಾಗಿಲು ತಳ್ಳಿ, ಚಪ್ಪಲಿ ಬಿಟ್ಟು ಒಳಗೆ ಬಂದೆ. ಕಾಕಾ ನನ್ನನ್ನೇ ನೋಡುತ್ತಿದ್ದ. "ನಾ ಹುಕ್ಕೇರಿಯಿಂದ ಬಂದೇನ್ರಿ. ಗ್ರೂಪಿನ್ಯಾಗ ನಿಮ್ಮ ಫೋಟೋ ನೋಡಿದ್ನಿ. ಅದಕ್ಕ ಬಂದ್ನಿ" ಎಂದೆ.

ಕಾಕಾ ಕೈ ಚಾಚಿ ಗೂಟದ ಮೇಲಿನ ಟೊಪ್ಪಿಗೆ ತೆಗೆದು ತಲೆಗಿಟ್ಟುಕೊಂಡ.

"ಬರ್ರಿ, ಬರ್ರಿ. ಕುಂದರ್ರಿ" ಎಂದ. "ಬಸ್ ಲಗೂನ ಸಿಕ್ತೇನ್ರಿ?"

"ಘಟಪ್ರಭಾದಾಗ ತಡಾ ಆತ್ರಿ."

"ಅಲ್ಲಿ ಆಗೂದ ಹಂಗ್ರಿ." ಒಳಗೆ ತಿರುಗಿ, "ವೈನಿ, ಹುಕ್ಕೇರಿಯವರು ಬಂದಾರ, ಚಾ ಇಡ್ರಿ!" ಎಂದ. ಬಹಳ ದಿನಗಳ ಮೇಲೆ ಆ ದನಿ ಕೇಳಿದೆ.

ಅವ್ವ ಅಡುಗೆ ಮನೆಯ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು, ಖಾಲಿ ಖುರ್ಚಿಗಳನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಒಳಗೆ ಹೋದವಳು ಬೀಗರು ಬಂದಾಗ ಮಾತ್ರ ತೆಗೆಯುವ ಕಪ್-ಬಸಿಗಳಲ್ಲಿ ಚಹಾ ತಂದಿಟ್ಟಳು. ಚೂಡಾದ ತಾಟು ತಂದಿಟ್ಟಳು. ಆಮೇಲೆ ಸೆರಗು ತಲೆ ಮೇಲೆ ಹೊದ್ದುಕೊಂಡು ನನ್ನ ಪಕ್ಕದ ಖುರ್ಚಿ ಎಳೆದು ಕುಳಿತಳು.

"ನಾ ಮೂಡಲಗ್ಯಾಕಿರಿ" ಎಂದಳು. "ದಾರ್ಯಾಗ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿದ್ದೂರಿ. ಇಲ್ಲಂದ್ರ ಮೊದಲ ದಿನಾನ ಬರ್ತಿದ್ನಿ."

ಕಾಕಾ ನಗಲು ಹೋದ, ಆಗಲಿಲ್ಲ. ಚೂಡಾದ ತಾಟನ್ನು ಅವ್ವನ ಕಡೆ ಸರಿಸಿದ.

"ತಗೋರಿ" ಎಂದ. "ದೂರದಿಂದ ಬಂದೀರಿ."