ಹಗ್ಗದ ಸೇತುವೆಯ ಮೇಲೊಂದು ಬ್ಯಾಗು

ಶಿಬಿರಕ್ಕೆ ಹೋಗುವ ಮಕ್ಕಳು ತಮ್ಮ ಬ್ಯಾಗನ್ನು ತಾವೇ ತುಂಬಿಕೊಳ್ಳಬೇಕು, ತಾಯಂದಿರು ಕೈ ಹಾಕಕೂಡದು ಎಂದು ನಾಲ್ಕನೇ ತರಗತಿಯ ಮಿಸ್ ಹೇಳಿದಾಗ, ಹೊಲಿಗೆಯಕ್ಕನಿಗೆ ಯಾರೋ ತನ್ನ ಮೆಷಿನ್ನಿನ ಮೇಲೆ ಬಂದು ಕೂತಂತಾಯಿತು. ಊರಿನ ಅರ್ಧ ಮಕ್ಕಳ ಸಮವಸ್ತ್ರ ಹೊಲಿದವಳು ಅವಳು. ಯಾರ ಮಗನ ಭುಜ ಅಗಲ, ಯಾರ ಮಗಳು ಅಂಗಿಯ ಕಾಲರ್ ಜಗಿಯುತ್ತಾಳೆ, ಎಲ್ಲ ಬಲ್ಲವಳು. ಅಂಥವಳು ಸ್ವಂತ ಮಗಳ ಬ್ಯಾಗಿಗೆ ಕೈ ಹಾಕಕೂಡದೆ?

ಮಗಳಿಗೆ ಶಾಲೆಯಲ್ಲೊಂದು ಹೆಸರಿತ್ತು. ಹುಟ್ಟಿದಾಗ ಪುಟ್ಟಗೆ, ದುಂಡಗೆ ಇದ್ದಳೆಂದು ಮನೆಯಲ್ಲಿ ಮಾತ್ರ ಗುಂಡಿ (ಅಂಗಿಯದ್ದು, ರಸ್ತೆಯದ್ದಲ್ಲ). ಆ ಗುಂಡಿ ಈಗ ಬೆಟ್ಟದ ತಪ್ಪಲಿನ ಶಿಬಿರಕ್ಕೆ ಹೊರಟಿದ್ದಳು. ಡೇರೆಯಲ್ಲಿ ಮಲಗುವುದು, ಬಂಡೆ ಹತ್ತುವುದು, ಹಗ್ಗದ ಸೇತುವೆ ದಾಟುವುದು. ಅಮ್ಮನ ಪಕ್ಕ ಬಿಟ್ಟು ಮಲಗುವುದು ಇದೇ ಮೊದಲು.

"ಅಮ್ಮಾ, ಮಿಸ್ ಹೇಳಿದ್ದು ಕೇಳಿಸ್ತಲ್ಲ? ನನ್ನ ಬ್ಯಾಗ್ ಮುಟ್ಟಬಾರ್ದು."

"ನಾನ್ಯಾಕೆ ಮುಟ್ಲಿ? ನನಗೇನು ಬೇರೆ ಕೆಲ್ಸ ಇಲ್ವಾ?"

"ಪ್ರಾಮಿಸ್?"

"ಹೋಗು, ಹಲ್ಲುಜ್ಜು."

(ಇದು ಪ್ರಾಮಿಸ್ ಅಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಗುಂಡಿಯಂತೂ ಗಮನಿಸಿದಳು.)

ಮರುದಿನ ಮಗಳು ಶಾಲೆಗೆ ಹೋದದ್ದೇ ತಡ, ಹೊಲಿಗೆಯಕ್ಕ ಬ್ಯಾಗ್ ತೆರೆದಳು. ಒಂದಿಷ್ಟು ಬಟ್ಟೆ, ಒಂದು ಸ್ವೆಟರ್, ಟಾರ್ಚ್, ಬ್ರಷ್.

"ಇದೇನು ಬೆಟ್ಟಕ್ಕೋ, ಪಕ್ಕದ್ಮನೆಗೋ?" ಎಂದು ಗೊಣಗಿ ಸತ್ಕಾರ್ಯ ಆರಂಭಿಸಿದಳು. ಇನ್ನೊಂದು ಸ್ವೆಟರ್. ಆ ಸ್ವೆಟರ್ ಒದ್ದೆಯಾದರೆ ಮತ್ತೊಂದು. ಮಂಕಿ ಕ್ಯಾಪ್, ಕೊಡೆ, ಬಿಸಿನೀರಿನ ರಬ್ಬರ್ ಚೀಲ, ಕೆಮ್ಮಿನ ಔಷಧಿ, ಕೆಮ್ಮು ಬಾರದಿರಲೆಂದು ಇನ್ನೊಂದು ಔಷಧಿ. ಜಿಪ್ ಮುಚ್ಚಲಿಲ್ಲ. ಬೇರೆಯವರಾಗಿದ್ದರೆ ಏನಾದರೂ ತೆಗೆಯುತ್ತಿದ್ದರು. ಹೊಲಿಗೆಯಕ್ಕ ಬ್ಯಾಗಿನ ಪಕ್ಕದ ಹೊಲಿಗೆಯನ್ನೇ ಬಿಚ್ಚಿ, ಬೆಳೆಯುವ ಹುಡುಗರ ಅಂಗಿಗೆ ಕೊಡುವಂತೆ ಎರಡೂ ಕಡೆ ಅಗಲವಾದ ಪಟ್ಟಿ ಕೊಟ್ಟು, ಬ್ಯಾಗನ್ನೇ ದೊಡ್ಡದು ಮಾಡಿದಳು.

ಪಟ್ಟಿ ಹೊಲಿಯುತ್ತಿರುವಾಗಲೇ ಆ ಹಳೆಯ ದಿನಗಳು ನೆನಪಾದದ್ದು. ಅವಳೂ ಅದೇ ಶಾಲೆಯಿಂದ ಅದೇ ಶಿಬಿರಕ್ಕೆ ಹೋಗಿದ್ದಳು. ಒದ್ದೆ ಹುಲ್ಲಿನ ವಾಸನೆ, ಡೇರೆಯ ಬಟ್ಟೆಯೊಳಗೆ ಹಸಿರಾಗಿ ಇಳಿಯುವ ಬೆಳಕು, ತೊರೆಯ ನೀರಿಗೆ ಮುಖವೊಡ್ಡಿ ಎಲ್ಲರೂ ಒಟ್ಟಿಗೆ ಕಿರುಚುವುದು. ಮತ್ತೆ ಆ ಮೊದಲ ಸಂಜೆ, ಕತ್ತಲಾಗುತ್ತ ಬಂದಂತೆ ಮನೆ ನೆನಪಾಗಿ ಅತ್ತದ್ದು. ಆಗ ಬ್ಯಾಗಿನೊಳಗೆ ಕೈ ಹಾಕಿದರೆ ಅಲ್ಲಿ ಒಳಜೇಬಿಗೆ ಅಮ್ಮ ನೀಲಿ ಹೂವಿನ ಬಟ್ಟೆಯ ತುಂಡೊಂದನ್ನು ಹೊಲಿದಿದ್ದಳು. ಅಡುಗೆಮನೆಯಲ್ಲಿ ದಿನಾ ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆ. ಅದಕ್ಕೆ ಮೂಗಿಟ್ಟರೆ ಮನೆಯೇ ಬಂದು ಪಕ್ಕದಲ್ಲಿ ಮಲಗಿದಂತಿತ್ತು.

ಮಗಳಿಗೆ ಮಾತ್ರ ಇದನ್ನು ಹೇಳಿರಲಿಲ್ಲ. "ನಾನು ಅತ್ತವಳೇ ಅಲ್ಲ. ಆ ಸೇತುವೇನ ಕಣ್ಮುಚ್ಕೊಂಡು ದಾಟ್ತಿದ್ದೆ" ಎಂದಷ್ಟೇ ಹೇಳಿದ್ದಳು. ಈಗ ತನ್ನ ಹಳೆಯ ಸೀರೆಯ ಅಂಚು ಕತ್ತರಿಸಿ ಗುಂಡಿಯ ಬ್ಯಾಗಿನ ಒಳಜೇಬಿಗೆ ಹೊಲಿದಳು. ಸಂಜೆಯಾದಾಗ ಮಗು ಕೈ ಹಾಕುತ್ತಾಳೆ. ಆಗ ಅಮ್ಮ ಬೇಕೇ ಬೇಕಾಗುತ್ತದೆ.

ಹೊರಡುವ ಬೆಳಿಗ್ಗೆ ಅವಳು ಬಾಗಿಲಿಗೂ ಬರಲಿಲ್ಲ. ತನ್ನ ಮುಖ ನೋಡಿದರೆ ಮಗು ಅಳುತ್ತಾಳೆಂದು (ಮಗುವೇ ಅಳುವುದೆಂಬುದು ಅವಳ ಅಚಲ ನಂಬಿಕೆ) ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಮೆಷಿನ್ ತುಳಿಯುತ್ತಲೇ ಇದ್ದಳು. ಗುಂಡಿ ಹಿಂದಿನಿಂದ ಬಂದು ಕುತ್ತಿಗೆ ತಬ್ಬಿದಳು. ಹೊಲಿಗೆಯಕ್ಕನ ಬಾಯಿಂದ ಹೊರಟದ್ದು "ಹುಂ" ಮಾತ್ರ. ಅಪ್ಪ ಮಗಳನ್ನು ಹೊತ್ತ ಸ್ಕೂಟರಿನ ಸದ್ದು ತಿರುವಿನಲ್ಲಿ ಕರಗಿತು.

ಬಿಸಿಲೇರುವ ಹೊತ್ತಿಗೆ, ಬಿದ್ದ ಪಿನ್ನು ಹುಡುಕಲು ಕತ್ತರಿಸುವ ಮೇಜಿನಡಿ ಬಗ್ಗಿದಳು. ಅಲ್ಲಿ ಎರಡೂ ಪಟ್ಟಿ ಉಬ್ಬಿಸಿಕೊಂಡು, ತುಂಬು ಗರ್ಭಿಣಿಯಂತೆ, ಗುಂಡಿಯ ಬ್ಯಾಗು ಕೂತಿತ್ತು.

"ಅಯ್ಯೋ! ಅಮ್ಮಾ! ಮಗು ಬರಿಗೈಲಿ ಹೋಗಿದಾಳೆ!"

ಕಿಟಕಿಯ ಬಳಿ ಬಟಾಣಿ ಸುಲಿಯುತ್ತಿದ್ದ ಅವಳ ತಾಯಿ ತಲೆ ಎತ್ತಲಿಲ್ಲ. "ಬರಿಗೈಲೇನೂ ಹೋಗಿಲ್ಲ ಕಣೇ. ಇಲ್ಲಿ ಕೇಳು..."

"ಏನ್ ಕೇಳೋದು? ಬ್ಯಾಗ್ ಇಲ್ಲೇ ಇದ್ಯಲ್ಲ!"

"ಅದಕ್ಕೇ ಹೇಳ್ತಿರೋದು, ಅಟ್ಟದ ಮೇಲಿತ್ತಲ್ಲ..."

ಅಟ್ಟದ ಪುರಾಣ ಕೇಳಲು ಯಾರಿಗೆ ಪುರುಸೊತ್ತು? ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಗಂಡನಿಗೆ ಫೋನ್ ಮಾಡಿದಳು. ಊರಿಗೆಲ್ಲ ದೃಷ್ಟಿ ಕೊಡುವ ಮನುಷ್ಯ, ಹೆಗಲೇರಬೇಕಾದ ಬ್ಯಾಗು ಕಾಣಲಿಲ್ಲವೆ?

"ರೀ, ನಿಮ್ಗೆ ಕಣ್ಣಿಲ್ವಾ?"

"ನೋಡೇ, ಸಮಾಧಾನ ಮಾಡ್ಕೋ. ಸಂಜೆ ಬಂದು ಎಲ್ಲ ಹೇಳ್ತೀನಿ."

"ಸಂಜೆವರೆಗೆ ಮಗು ನಡುಗ್ತಿರ್ಬೇಕಾ?" ಎಂದು ಫೋನ್ ಇಟ್ಟವಳೇ ಬ್ಯಾಗನ್ನು ಹೆಗಲಿಗೇರಿಸಿ ಬಸ್ಸು ಹತ್ತಿದಳು. ಬ್ಯಾಗಿಗೂ ಒಂದು ಸೀಟು ಬೇಕಾಯಿತು.

ಶಿಬಿರ ತೊರೆಯ ಆಚೆ ದಡದಲ್ಲಿತ್ತು. ನಡುವೆ ಅದೇ ಹಗ್ಗದ ಸೇತುವೆ. ಅದು ಮೊದಲಿಗಿಂತ ಸಣ್ಣದಾಗಿತ್ತೋ, ಇವಳು ಮೊದಲಿಗಿಂತ ದೊಡ್ಡವಳಾಗಿದ್ದಳೋ. ನಡುವಿಗೆ ಬರುವಷ್ಟರಲ್ಲಿ ಸೇತುವೆ ಎಡಕ್ಕೆ ಹೋಯಿತು, ಬ್ಯಾಗು ಬಲಕ್ಕೆ ಹೋಯಿತು, ಹೊಲಿಗೆಯಕ್ಕ ಎಲ್ಲಿಗೂ ಹೋಗಲಿಲ್ಲ. ಕೆಳಗೆ ಮೊಣಕಾಲುದ್ದದ ನೀರು ಮಹಾಸಾಗರದಂತೆ ಗರ್ಜಿಸುತ್ತಿತ್ತು.

ಆಚೆ ದಡದಲ್ಲಿ ಇಡೀ ತರಗತಿ ಜಮಾಯಿಸಿತು. ಕೊರಳಿಗೆ ಸೀಟಿ ಕಟ್ಟಿಕೊಂಡ ತರಬೇತುದಾರ ಕೂಗಿದ. "ಅಮ್ಮಾ, ಬ್ಯಾಗ್ ಬಿಟ್ಬಿಡಿ! ಎರಡೂ ಕೈಲಿ ಹಗ್ಗ ಹಿಡೀರಿ!"

"ಬಿಡಲ್ಲ! ಮಗು ಸ್ವೆಟರ್ ಇದೆ ಇದ್ರಲ್ಲಿ!"

"ಅಮ್ಮಾ," ಮುಂದೆ ನಿಂತಿದ್ದ ಗುಂಡಿ ಹೇಳಿದಳು, "ನಾನು ಸ್ವೆಟರ್ ಹಾಕ್ಕೊಂಡೇ ಇದೀನಿ."

ಹೌದು. ಹಾಕಿಕೊಂಡೇ ಇದ್ದಳು. ಆ ಆಶ್ಚರ್ಯಕ್ಕೆ ಹೊಲಿಗೆಯಕ್ಕನ ಕೈ ಸಡಿಲಿತು. ಬ್ಯಾಗು ತೊರೆಗೆ ಬಿತ್ತು. ಸ್ವೆಟರುಗಳು ತೋಳು ಚಾಚಿ ಈಜತೊಡಗಿದವು, ಕೊಡೆ ಬಿಚ್ಚಿಕೊಂಡು ದೋಣಿಯಾಯಿತು. ಮಕ್ಕಳು ಹೋ ಎಂದು ನೀರಿಗಿಳಿದು ಒಂದೊಂದನ್ನೇ ಹಿಡಿದರು.

ಗುಂಡಿ ಮಾತ್ರ ಸೇತುವೆಯ ಮೇಲೆ ಸಲೀಸಾಗಿ ನಡೆದು ಬಂದು ಕೈ ಚಾಚಿದಳು. "ಕಣ್ಮುಚ್ಬೇಡ ಅಮ್ಮಾ. ಕೆಳಗೂ ನೋಡ್ಬೇಡ. ನನ್ನ ನೋಡು. ಹಾಂ, ಈಗ ಎಡಗಾಲು."

ಮೊನ್ನೆ ಮೊನ್ನೆ ಈ ಹುಡುಗಿಗೆ ಎಡಗಾಲು ಯಾವುದೆಂದು ಹೇಳಿಕೊಟ್ಟವಳು ಅವಳೇ. ಹೊಲಿಗೆಯಕ್ಕ ಮಗಳ ಮುಖ ನೋಡುತ್ತ ಎಡಗಾಲಿಟ್ಟಳು.

ಡೇರೆಯ ಕಂಬದಲ್ಲಿ ಮಾಸಿದ, ಪುಟ್ಟ ಬ್ಯಾಗೊಂದು ನೇತಾಡುತ್ತಿತ್ತು. ಅವಳಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

"ಇದು ನಂದು..."

"ಅಟ್ಟದಿಂದ ಅಜ್ಜಿ ಇಳಿಸಿಕೊಟ್ರು. ಆ ಬ್ಯಾಗ್ ಎತ್ತೋಕೇ ಆಗ್ಲಿಲ್ಲ ಅಮ್ಮಾ. ಅಪ್ಪನೂ ಎತ್ತಿ ನೋಡಿದ್ರು, ಆಗ್ಲಿಲ್ಲ, ಮೇಜಿನಡಿ ತಳ್ಳಿಬಿಟ್ರು. ಇದ್ರಲ್ಲಿ ಏನೋ ಹೂವಿನ ಬಟ್ಟೆ ಇದೆ, ನೋಡು."

ಹೊಲಿಗೆಯಕ್ಕ ಕೈ ಹಾಕಿದಳು. ನೀಲಿ ಹೂಗಳು ಮಾಸಿದ್ದವು. ಅಮ್ಮನ ಹೊಲಿಗೆ ಒಂದೆಳೆಯೂ ಬಿಟ್ಟಿರಲಿಲ್ಲ. ಒಣಹಾಕಿದ್ದ ಸ್ವೆಟರುಗಳ ಹಿಂದೆ ಹೋಗಿ, ಯಾರಿಗೂ ಕಾಣದಂತೆ, ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಇದ್ದೊಂದು ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಮಿಸ್ ನಗದೆ (ಬಹಳ ಕಷ್ಟಪಟ್ಟು) "ಇಲ್ಲೇ ಉಳೀರಿ, ಬೆಳಿಗ್ಗೆ ಹೋದ್ರಾಯ್ತು" ಎಂದರು.

ಮುಸ್ಸಂಜೆಗೆ ಎಲ್ಲರೂ ಬೆಂಕಿಯ ಸುತ್ತ ಕೂತರು. ಬೆಟ್ಟದ ಅಂಚು ಮಸುಕಾಗುತ್ತಿತ್ತು. ಇದೇ ಆ ಹೊತ್ತು ಎಂದು ಹೊಲಿಗೆಯಕ್ಕ ಮಗಳನ್ನೇ ನೋಡುತ್ತಿದ್ದಳು.

"ಮನೆ ನೆನಪಾಗಿ ಇವತ್ತು ಯಾರಾದ್ರೂ ಅತ್ರಾ?" ಮಿಸ್ ಮೆಲ್ಲಗೆ ಕೇಳಿದರು. "ನಾಚ್ಕೋಬೇಡಿ. ಅತ್ತವರು ಇವತ್ತು ನನ್ನ ಡೇರೇಲಿ ಮಲಗಬಹುದು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗುಂಡಿಯ ಕೈ ಮೇಲೆದ್ದಿತು.

ಹೊಲಿಗೆಯಕ್ಕನ ಎದೆ ಹಿಗ್ಗಿತು. ಕೊನೆಗೂ! ಬಂದದ್ದು ಸಾರ್ಥಕ! ಮಗುವನ್ನು ಬಾಚಿ ತಬ್ಬಲು ಎರಡೂ ತೋಳು ಚಾಚಿದಳು.

ಗುಂಡಿ ಆ ತೋಳುಗಳೊಳಗೆ ಹಳೆಯ ಬ್ಯಾಗನ್ನು ಜೋಪಾನವಾಗಿ ಇಟ್ಟು, ಎದ್ದು ನಿಂತಳು.

"ನಮ್ಮಮ್ಮ, ಮಿಸ್."