ಕೊರಿಯನ್ ಪದ್ಯದ ಮೂರನೆಯ ಸಾಲು

ಗೊತ್ತಿಲ್ಲದ ವಿಷಯವನ್ನು ಪಾಠ ಮಾಡುವುದರಲ್ಲಿ ಒಂದು ಸುಖವಿದೆ, ಮರೆತುಹೋಗುವ ಭಯವಿರುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ ಹತ್ತಿರದ ಸಣ್ಣ ಕಾಲೇಜೊಂದರಲ್ಲಿ ನಾನು ಅರೆಕಾಲಿಕ ಸಾಹಿತ್ಯದ ಮೇಷ್ಟ್ರು. ಈ ಸಲ ನನ್ನ ಪಾಲಿಗೆ ಬಂದದ್ದು ಹಳೆಯ ಕೊರಿಯನ್ ಕಾವ್ಯ. ಅದರಲ್ಲಿ ಸಿಜೋ ಎಂಬ ಮೂರೇ ಸಾಲಿನ ಪದ್ಯಗಳಿವೆ. ಎರಡು ಸಾಲು ಸುಮ್ಮನೆ ಒಂದು ದಾರಿ ಹಿಡಿದು ಹೋಗುತ್ತವೆ, ಮೂರನೆಯದು ಗಕ್ಕನೆ ತಿರುಗಿಬಿಡುತ್ತದೆ. ಇದನ್ನೆಲ್ಲ ಸಿನಿಮಾ ಮೂಲಕ ಕಲಿಸುತ್ತೇನೆಂದು ವಿಭಾಗದ ಮುಖ್ಯಸ್ಥೆಯ ಮುಂದೆ ಜಂಬ ಕೊಚ್ಚಿಕೊಂಡೆ. "ಹಾಗಾದರೆ ಒಂದು ಕ್ಲಾಸಿಗೆ ಬಂದು ಕೂರುತ್ತೇನೆ, ಆಮೇಲೆ ನಿಮ್ಮ ಕಾಂಟ್ರ್ಯಾಕ್ಟ್ ಮುಂದುವರಿಸುವ ವಿಷಯ ನೋಡೋಣ" ಎಂದರು.

ಮಾದರಿಗೆಂದು ಅಗಲಿಕೆಯ ಸಿಜೋ ಒಂದನ್ನು ಹಿಡಿದು ಒಂದು ನಿಮಿಷದ ಚಿತ್ರ ತೆಗೆಯಲು ಹೊರಟೆ. ಬಿಟ್ಟುಹೋಗುವ ನಲ್ಲ ನಾನು, ಬಾಗಿಲಲ್ಲಿ ನಿಲ್ಲುವ ನಲ್ಲೆ ನನ್ನ ಹೆಂಡತಿ ಸುಮಾ.

"ರೀ, ಒಲೆ ಮೇಲೆ ಸಾರಿದೆ. ಎಷ್ಟೊತ್ತು ವಿರಹ ಪಡ್ಬೇಕು?"

"ಒಂದೇ ನಿಮಿಷ ಕಣೇ."

ಫೋನನ್ನು ಶೂ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕಾರು ಹತ್ತಿ, ಕಣ್ಮರೆಯಾಗುವಷ್ಟು ದೂರ ಹೋಗಿ ಬಂದೆ. ಆಮೇಲೆ ಚಿತ್ರದ ಮೊದಲ ಅರ್ಧ ನೋಡಿದೆ. ಎಷ್ಟು ಚೆನ್ನಾಗಿತ್ತೆಂದರೆ, ಉಳಿದದ್ದನ್ನು ನೋಡುವ ಅಗತ್ಯವೇ ಕಾಣಲಿಲ್ಲ.

ಕ್ಲಾಸಿನ ದಿನ ಮುಖ್ಯಸ್ಥೆ ಹಿಂದೆ ಕೂತಿದ್ದರು. "ಯಾವ ಚಿತ್ರ ನೋಡಿದರೂ ಇದರ ಹಿಂದೆ ಯಾರಿದ್ದಾರೆ ಎಂದು ಕೇಳಿ" ಎಂದು ಗಂಭೀರವಾಗಿ ಹೇಳಿ ಚಿತ್ರ ಹಾಕಿದೆ. ಕಾರು ಹೋಯಿತು. ಸುಮಾ ನಿಂತೇ ಇದ್ದಳು. ಅಷ್ಟರಲ್ಲಿ ಪರದೆಯ ಸುಮಾ ಒಳಗಿದ್ದ ಮಗಳತ್ತ ತಿರುಗಿದಳು.

"ನಾನು ಬಟ್ಟೆ ಮಡಿಸ್ತಾ ಕೊರಿಯನ್ ಸೀರಿಯಲ್ ನೋಡ್ತಿದ್ರೆ ನಿಮ್ಮಪ್ಪ ಪಕ್ಕದಲ್ಲಿ ಗೊರಕೆ ಹೊಡೀತಿದ್ರು. ಸಿಜೋ ಅಂದ್ರೇನು ಅಂತ ಹೇಳ್ಕೊಟ್ಟಿದ್ದೂ ನಾನೇ. ಈಗ ನೋಡು, ಪ್ರೊಫೆಸರ್ ಅಂತೆ ಪ್ರೊಫೆಸರ್."

"ಮಾಮ್, ಇಟ್ಸ್ ಸ್ಟಿಲ್ ರೆಕಾರ್ಡಿಂಗ್" ಎಂದಿತು ಮಗಳ ದನಿ.

ಆ ನಲ್ಲೆ ಹೇಳಿದ್ದೇನೆಂದು ಕನ್ನಡ ಬಾರದ ಮುಖ್ಯಸ್ಥೆ ಕೇಳಿದರು. ವಿರಹದ ಮಾತು ಎಂದೆ. ನನ್ನ ಗ್ರಹಚಾರ, ಮುಂದಿನ ಬೆಂಚಿನಲ್ಲಿ ಮೈಸೂರು ದಂಪತಿಗಳ ಮಗಳು ಅನನ್ಯಾ ಇದ್ದಳು. "ಪ್ರೊಫೆಸರ್, ಆಂಟಿ ಡಿಡಂಟ್ ಸೇ ದಟ್" ಎಂದು ಕೈಯೆತ್ತಿ, ಎಲ್ಲವನ್ನೂ ಇಂಗ್ಲಿಷಿಗೆ ತರ್ಜುಮೆ ಮಾಡಿದಳು. ಗೊರಕೆಯನ್ನೂ ಬಿಡಲಿಲ್ಲ. ಚಿತ್ರದ ಹಿಂದೆ ಇರುವವರು ಆಂಟಿಯೇ ಎಂದು ನನ್ನ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಳು. ಕ್ಲಾಸು ಚಪ್ಪಾಳೆ ತಟ್ಟಿತು. ನನಗೆ ಮೇಜಿನ ಕೆಳಗೆ ತೂರಿಕೊಳ್ಳುವಷ್ಟು ನಾಚಿಕೆಯಾಯಿತು.

ಮೂರನೆಯ ಸಾಲೆಂದರೆ ಏನೆಂದು ಈಗ ಅರ್ಥವಾಯಿತು ಎಂದರು ಮುಖ್ಯಸ್ಥೆ. ಕಾಂಟ್ರ್ಯಾಕ್ಟ್ ಉಳಿಯಿತು, ಆದರೆ ಸಿಜೋ ಕ್ಲಾಸುಗಳನ್ನು ಇನ್ನು ಸುಮಾಳೇ ತೆಗೆದುಕೊಳ್ಳಬೇಕಂತೆ. ಹಾಗಾಗಿ ಈಗ ವಾರಕ್ಕೊಮ್ಮೆ ಅವಳ ಕಾರು ಕಣ್ಮರೆಯಾಗುವವರೆಗೆ ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಹೆಚ್ಚು ಹೊತ್ತು ನಿಲ್ಲುವಂತಿಲ್ಲ, ಒಲೆಯ ಮೇಲೆ ಸಾರಿರುತ್ತದೆ.